ಉಸ್ತಾ ರಜಬ್ ಆಡದ ಮಾತು

ಈ ಕತೆ ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳಬೇಕು. ಇದು ಇಶ್ರತ್ ತಾನೇ ಹೇಳಬೇಕಾಗಿದ್ದ ಸಂಗತಿ. ಅವಳು ಹೇಳಲಿಲ್ಲ, ಹೇಳುವವಳೂ ಅಲ್ಲ. ಬೇರೆಯವರ ಎದೆಯೊಳಗೆ ಏನಿತ್ತು ಎಂದು ಹೊರಗೆ ನಿಂತು ಹೇಳುವುದು ತಪ್ಪು ಎಂಬ ಅಳುಕು ಇದ್ದೇ ಇದೆ. ಹೇಳದೆ ಬಿಟ್ಟರೆ ಇನ್ನೊಂದು ಬಗೆಯ ತಪ್ಪು ಅನ್ನಿಸಿದ್ದರಿಂದ, ಕಂಡಷ್ಟನ್ನು, ಕೇಳಿದಷ್ಟನ್ನು, ಹೆಚ್ಚುಕಡಿಮೆಯಾಗದ ಹಾಗೆ ಹೇಳಲು ನೋಡಬಹುದು.

ಕೆರ್ಮಾನ್ ಊರಿನ ಪೇಟೆಯ ಹಿಂದೆ ಪಿಂಜಾರರ ಓಣಿಯಲ್ಲಿ ಇಶ್ರತ್ ಹಲ್ಲಾಜಿಯ ಮನೆ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಮದುವೆಯ ರಜಾಯಿ ಹೊಲಿಸಬೇಕೆಂದರೆ ಅವಳ ಕೈಯಲ್ಲೇ ಹೊಲಿಸಬೇಕು ಎನ್ನುವುದು ಓಣಿಯ ಮಾತು. ಅವಳಿಗೇ ಮದುವೆಯ ರಜಾಯಿ ಯಾರೂ ಹೊಲಿದಿರಲಿಲ್ಲ. ವಯಸ್ಸು ನಲವತ್ತಾರು. ಜೊತೆಗೆ ಇದ್ದವಳು ಎಪ್ಪತ್ತೇಳು ವರ್ಷದ ತಾಯಿ ಗೌಹರ್. ತಂದೆ ಉಸ್ತಾ ರಜಬ್, ಬಿಲ್ಲು ಹಿಡಿದು ಹತ್ತಿ ಹಿಂಜುವುದರಲ್ಲಿ ‘ಉಸ್ತಾ’, ಅಂದರೆ ಗುರು, ಎನಿಸಿಕೊಂಡಿದ್ದವನು, ಎದೆಯೊಳಗೆ ಹತ್ತಿಯ ಧೂಳು ತುಂಬಿಕೊಂಡು ಸತ್ತು ಹನ್ನೊಂದು ವರ್ಷವಾಗಿತ್ತು.

ಇಶ್ರತ್ ಅಕ್ಷರ ಕಲಿತದ್ದು ಮೂವತ್ತೈದನೆಯ ವಯಸ್ಸಿನಲ್ಲಿ, ಸಂಜೆ ಶಾಲೆಯಲ್ಲಿ. ಕಲಿತ ಮೇಲೆ ಓದುವ ಹುಚ್ಚು ಹಿಡಿಯಿತು. ಓದುವ ಹುಚ್ಚು ಬರೆಯುವ ಹುಚ್ಚಾಯಿತು. ಎರಡು ವರ್ಷದಿಂದ ಪ್ರತಿ ಸೋಮವಾರ ಸಂಜೆ ವಾಚನಾಲಯದಲ್ಲಿ ಸೇರುತ್ತಿದ್ದ ಕತೆಯ ಕೂಟಕ್ಕೆ ಹೋಗಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಯಾರಾದರೂ ಎದ್ದು ಹೋಗು ಎಂದರೆ ಬೇಗ ಹೋಗಬಹುದಲ್ಲ ಎಂದು ಆ ಕುರ್ಚಿ.

ಆ ಕೂಟಕ್ಕೆ ಒಂದು ಪದ್ಧತಿ ಇತ್ತು. ಬರೆದವರು ಹೆಸರು ಹಾಕದೆ ಕತೆಯನ್ನು ಮೇಜಿನ ಮೇಲಿಡಬೇಕು. ನಡೆಸಿಕೊಡುತ್ತಿದ್ದ ನಿವೃತ್ತ ಮೇಷ್ಟ್ರು ಆಗಾ ಸಾಲಾರಿ ಕಣ್ಣಾಡಿಸಿ, ಕತೆಯೊಳಗಿನ ‘ನಾನು’ ಗಂಡಸಾದರೆ ಗಂಡಸಿನ ಕೈಗೆ, ಹೆಂಗಸಾದರೆ ಹೆಂಗಸಿನ ಕೈಗೆ ಓದಲು ಕೊಡುತ್ತಿದ್ದರು. ಓದಿದ ಮೇಲೆ ಎಲ್ಲರೂ ಸೇರಿ ಅದರ ಹುಳುಕು ಎತ್ತಿ ಆಡುತ್ತಿದ್ದರು. ಅದು ಮುಗಿಯುವವರೆಗೂ ಬರೆದವರು ಬಾಯಿ ಬಿಡುವ ಹಾಗಿಲ್ಲ.

“ಸತ್ತವರ ಹಾಗೆ ಕೂತಿರಿ,” ಎನ್ನುತ್ತಿದ್ದರು ಸಾಲಾರಿ. “ಸತ್ತವರು ಎದ್ದು ಬಂದು ಸಮಜಾಯಿಷಿ ಕೊಡ್ತಾರಾ?”

ಹಿಂದಿನ ವರ್ಷ ಮೊಜ್ದೆ ಎಂಬ ಚಿಕ್ಕ ವಯಸ್ಸಿನ ಹೆಂಗಸು, ಗಂಡನ ಮನೆ ಬಿಟ್ಟು ಹೊರಟವಳೊಬ್ಬಳು ‘ನಾನು’ ಎಂದು ಹೇಳಿಕೊಳ್ಳುವ ಕತೆ ಬರೆದು, ಕೊನೆಯಲ್ಲಿ ಧೈರ್ಯವಾಗಿ ಕೈ ಎತ್ತಿದ್ದಳು. ಕತೆ ಹೇಗಿದೆ ಎಂದು ಒಬ್ಬರೂ ಹೇಳಲಿಲ್ಲ. “ಈಗ ಎಲ್ಲಿದ್ದೀರಿ ಖಾನಂ, ತಾಯಿ ಮನೇಲಾ?” ಎಂದು ಕೇಳಿದವರು ಇಬ್ಬರು. ಮೂರನೆಯವರು ವಕೀಲರೊಬ್ಬರ ವಿಳಾಸ ಕೊಟ್ಟರು. ಮೊಜ್ದೆಯ ಗಂಡ ಹೊರಗೆ ಮೋಟಾರ್ ಸೈಕಲ್ಲಿನ ಮೇಲೆ ಕೂತು, ಸೂರ್ಯಕಾಂತಿ ಬೀಜ ಸಿಪ್ಪೆ ಬಿಡಿಸಿ ತಿನ್ನುತ್ತಾ ಹೆಂಡತಿಗಾಗಿ ಕಾಯುತ್ತಿದ್ದ.

ಇಶ್ರತ್ ಅದನ್ನು ನೋಡಿದ್ದಳು. ಹೆಂಗಸು ‘ನಾನು’ ಎಂದು ಬರೆದರೆ ಅದು ಅವಳ ಮನೆಯ ಬಾಗಿಲು ತೆರೆದಿಟ್ಟ ಹಾಗೆ. ಗಂಡಸು ಬರೆದರೆ ಅದು ಕತೆ. ಹಾಗಾಗಿ ಅವಳು ತನ್ನ ಕತೆಯನ್ನು ತಂದೆಯ ಬಾಯಿಂದ ಬರೆದಳು.

ವಿಷಯ ಅವಳ ಅಕ್ಕ ತೂಬಾಳದು. ತೂಬಾಳಿಗೆ ಹದಿಮೂರು ತುಂಬಿದಾಗ ಉಸ್ತಾ ರಜಬ್ ಹತ್ತಿ ತರಿಸುತ್ತಿದ್ದ ಜಾಬೋಲ್ ಊರಿನ ಸ್ನೇಹಿತನಿಗೆ, ಅವಳನ್ನು ಅವನ ಮನೆಗೆ ಮದುವೆ ಮಾಡಿಕೊಡುವುದಾಗಿ, ಚಹಾ ಕುಡಿಯುತ್ತಾ ಕೂತಲ್ಲೇ ಮಾತು ಕೊಟ್ಟ. ಹೆಂಡತಿಯನ್ನು ಕೇಳಲಿಲ್ಲ. ಮರುಭೂಮಿಯ ಆಚೆಗಿನ ಊರು, ಎರಡು ದಿನದ ಬಸ್ಸು. ಎರಡನೆಯ ವರ್ಷ ಹೆರಿಗೆಯಲ್ಲಿ ತೂಬಾ ಹೋದಳು. ಸುದ್ದಿ ಬರುವ ಹೊತ್ತಿಗೆ ಸಾವಿನ ನಲವತ್ತನೆಯ ದಿನದ ಕಾರ್ಯವೂ ಮುಗಿದಿತ್ತು. ಉಸ್ತಾ ಸುದ್ದಿ ತಂದವನಿಗೆ ನೀರು ಕೊಟ್ಟು, ಅಂಗಡಿಗೆ ಹೋಗಿ, ಅವತ್ತು ಕತ್ತಲಾಗುವವರೆಗೆ ಹತ್ತಿ ಹಿಂಜಿದ. ಓಣಿಗೆಲ್ಲ ಬಿಲ್ಲಿನ ಸದ್ದು. ಅದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ, ಅವತ್ತೂ, ಆಮೇಲೂ.

ಗೌಹರ್ ಕೂಡ ಅವನ ಜೊತೆ ಮಾತು ನಿಲ್ಲಿಸಿದಳು. ‘ಊಟ ಇದೆ’, ‘ಗಿರಾಕಿ ಬಂದಿದ್ದಾನೆ’, ಇಷ್ಟರಲ್ಲೇ ಇಪ್ಪತ್ತೈದು ವರ್ಷ ಸಂಸಾರ ಮಾಡಿದಳು. ಗಂಡನನ್ನು ಕರೆಯುತ್ತಿದ್ದದ್ದು ‘ಆ ಮನುಷ್ಯ’ ಎಂದು. ಇಶ್ರತ್‌ಳನ್ನು ಕೇಳಿಕೊಂಡು ಬಂದ ಗಂಡುಗಳನ್ನೆಲ್ಲ ಬಾಗಿಲಲ್ಲೇ ತಿರುಗಿಸಿ ಕಳಿಸಿದಳು. “ನನ್ನ ಹತ್ತಿರ ಇದ್ದದ್ದು ಎರಡು. ಒಂದು ಕೊಟ್ಟು ನೋಡಿಯಾಯ್ತು.” ಉಸ್ತಾ ಸತ್ತಾಗ, ಮಣ್ಣು ಹಾಕುವ ಮುಂಚೆ, ವಾಡಿಕೆಯಂತೆ ಸೇರಿದವರನ್ನೆಲ್ಲ ಕೇಳಿದರು: ಈ ಮನುಷ್ಯನಿಂದ ಏನಾದರೂ ನೋವಾಗಿದ್ದರೆ ಮಾಫಿ ಕೊಟ್ಟು, ಅವನ ಮೇಲಿನ ನಿಮ್ಮ ನಿಮ್ಮ ಹಕ್ಕು ಬಿಟ್ಟಿರಾ? ಎಲ್ಲರೂ ಬಿಟ್ಟೆವು ಎಂದರು. ಗೌಹರ್ ನಾಲಿಗೆ ಒಣಗಿದೆ ಎಂದು ನೀರು ಕೇಳಿ, ಕುಡಿದು, ಲೋಟ ವಾಪಸು ಕೊಟ್ಟಳು. ಬಿಟ್ಟೆ ಎನ್ನಲಿಲ್ಲ. ಬಿಡದೆ ಹೋದರೆ ಮಣ್ಣಿನಲ್ಲಿರುವವನಿಗೆ ನೆಮ್ಮದಿ ಇಲ್ಲ ಎಂದು ಇಶ್ರತ್ ನಂಬಿದ್ದಳು. ಹನ್ನೊಂದು ವರ್ಷದಿಂದ ಗುರುವಾರದ ಮಧ್ಯಾಹ್ನ ಗೋರಿ ತೊಳೆಯಲು ಒಬ್ಬಳೇ ಹೋಗಿಬರುತ್ತಿದ್ದಳು.

ಆ ಸೋಮವಾರ ಕತೆ ಓದಿದವರು ಆಗಾ ಕಾಮ್‌ಗಾರ್. ಹಿಂದೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದ ತುಂಬುಕಂಠದ ಮನುಷ್ಯ.

“ಮಾತು ಕೊಟ್ಟಿದ್ದೆ,” ಎಂದು ಓದಿದರು. “ಚಹಾ ಆರುವುದರೊಳಗೆ ನನ್ನ ಮಗಳು ಬೇರೆ ಮನೆಯವಳಾಗಿದ್ದಳು. ಮದುವೆಗೆ ತಂದ ಕೆಂಪು ಜೋಡು ದೊಡ್ಡದಾಗಿತ್ತು. ಅವಳದು ಇನ್ನೂ ಮಗುವಿನ ಕಾಲು. ಬಸ್ಸು ಹೊರಡುವ ಮುಂಚೆ ನೆಲಕ್ಕೆ ಕೂತು ಎರಡೂ ಜೋಡಿನ ತುದಿಗೆ ಹತ್ತಿ ತುರುಕಿದೆ. ತಂದೆಯಾಗಿ ನಾನು ಮಾಡಿದ್ದು ಅಷ್ಟೇ. ತಪ್ಪು ನನ್ನದು. ಹೇಳಲು ನಾಲಿಗೆ ಬರಲಿಲ್ಲ. ಬಿಲ್ಲಿನ ಸದ್ದಿನ ಹಿಂದೆ ಅಡಗಿಕೊಂಡೆ.”

ಓದು ಮುಗಿಯಿತು. ಆಮೇಲೆ ಶಿಕ್ಷಣ ಇಲಾಖೆಯ ಗುಮಾಸ್ತರೊಬ್ಬರು ಕಣ್ಣೊರೆಸಿಕೊಂಡು, “ಇದನ್ನ ಗಂಡಸೇ ಬರೀಬೇಕು ಸ್ವಾಮಿ. ಅಪ್ಪನ ಸಂಕಟ ಹೆಂಗಸರಿಗೆ ಎಲ್ಲಿ ತಿಳಿಯುತ್ತೆ?” ಎಂದರು.

“ಗಂಡಸೇ ಬರೆದಿದ್ದು, ಅನುಮಾನವೇ ಇಲ್ಲ,” ಎಂದಳು ಮೊಜ್ದೆ. “ಒಂಬತ್ತು ಪುಟ ಇದೆ. ಹೆಂಡತಿ ಪರದೆ ಹಿಂದೆ ನಿಂತೇ ಇದ್ದಾಳೆ. ಅವಳಿಗೆ ಒಂದು ಮಾತು ಕೊಟ್ಟಿಲ್ಲ. ಕಾಲು ನೋವು ಬಂದಿರಬೇಕು ಪಾಪ.”

ಎಲ್ಲರೂ ನಕ್ಕರು. ಇಶ್ರತ್ ಚಾದರದ ಅಂಚನ್ನು ಬೆರಳಿಗೆ ಸುತ್ತುತ್ತಾ, ಸತ್ತವಳ ಹಾಗೆ ಕೂತಿದ್ದಳು. ಬರೆದವರು ಯಾರು ಎಂದು ಕೇಳಿದಾಗಲೂ ಕೈ ಎತ್ತಲಿಲ್ಲ.

ಸಾಲಾರಿ ಬಾಗಿಲ ಹತ್ತಿರ ಅವಳನ್ನು ತಡೆದರು. “ಖಾನಂ, ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದವನು ನಾನು. ಸಂಜೆ ಶಾಲೆಯ ದುಂಡು ಅಕ್ಷರ ನನಗೆ ಗೊತ್ತಾಗಲ್ವಾ? ಹೆದರಬೇಡಿ, ಯಾರಿಗೂ ಹೇಳಲ್ಲ. ರೇಡಿಯೋದಲ್ಲಿ ಮಂಗಳವಾರ ಬರೋ ಕತೆಯ ಕಾರ್ಯಕ್ರಮಕ್ಕೆ ಇದನ್ನ ಕಳಿಸೋಣ. ಕಾಮ್‌ಗಾರ್ ಓದ್ತಾರೆ.”

ಬೇಡ ಎನ್ನಲು ಬಾಯಿ ತೆರೆದವಳು, “ಬರೀ ಮನೆತನದ ಹೆಸರು ಹಾಕಿ, ಆಗಾ. ನನ್ನ ಹೆಸರು ಬೇಡ,” ಎಂದುಬಿಟ್ಟಳು.

ಕಾರ್ಯಕ್ರಮ ನಾಲ್ಕು ಗಂಟೆಗೆ. ಗೌಹರ್ ಮೂರರಿಂದ ಐದರವರೆಗೆ ಮಲಗುತ್ತಿದ್ದಳು, ಭೂಮಿ ನಡುಗಿದರೂ ಏಳುತ್ತಿರಲಿಲ್ಲ. ಅದನ್ನು ನಂಬಿಕೊಂಡೇ ಇಶ್ರತ್ ಒಪ್ಪಿದ್ದಳು. ಆ ಮಂಗಳವಾರ ರೇಡಿಯೋವನ್ನು ಮೊಣಕಾಲ ಹತ್ತಿರ ಇಟ್ಟುಕೊಂಡು, ಸದ್ದು ಸಣ್ಣಗೆ ಮಾಡಿ, ರಜಾಯಿಗೆ ಹೊಲಿಗೆ ಹಾಕುತ್ತಾ ಕೇಳಿದಳು. ತನ್ನ ಮಾತು ತುಂಬುಕಂಠದಲ್ಲಿ ಹೊರಗೆ ಬರುತ್ತಿತ್ತು, ತನ್ನದಲ್ಲದ ಹಾಗೆ, ಹಾಗಾಗಿ ಇನ್ನೂ ನಿಜವಾಗಿ. ‘ಹಲ್ಲಾಜಿ ಅವರ ಕತೆ ಕೇಳಿದಿರಿ’ ಎಂದಾಗ ತಲೆ ಎತ್ತಿ ನೋಡಿದರೆ, ಗೌಹರ್ ಒಳಗಿನ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಮಂಡಿ ನೋವು, ನಿದ್ದೆ ಹತ್ತಲಿಲ್ಲ,” ಎಂದಳು ಗೌಹರ್. ಆಮೇಲೆ, “ನಿಮ್ಮಪ್ಪ ಯಾವಾಗ ಹೇಳಿದ್ರೇ ಇದನ್ನ ನಿನಗೆ?”

ಇಶ್ರತ್‌ಗೆ ಮೊದಲು ಕೇಳಿಸಿದ್ದು ಪ್ರಶ್ನೆಯಲ್ಲ. ‘ನಿಮ್ಮಪ್ಪ’ ಎಂಬ ಮಾತು. ಮೂವತ್ತಾರು ವರ್ಷದ ಮೇಲೆ ಮೊದಲ ಸಲ.

“ಅವರ ಕೊನೇ ಚಳಿಗಾಲ ತಲೆದೆಸೇಲಿ ಕೂತಿದ್ದವಳು ನೀನೇ ಅಲ್ವಾ? ನಾನು ಆ ಕೋಣೆಗೆ ಕಾಲಿಡ್ತಿರಲಿಲ್ಲ. ಆಗ ತಾನೇ ಅಕ್ಷರ ಕಲೀತಿದ್ದೆ ನೀನು. ಬರೆಸಿದ್ದಾರೆ. ಬರೆಸಿ, ನಮ್ಮವಳಿಗೆ ಹೇಳಬೇಡ ಅಂದಿರ್ತಾರೆ. ಜಂಭದ ಮನುಷ್ಯ. ಹೌದೋ ಅಲ್ವೋ?”

ಇಶ್ರತ್ ಬಾಯಿ ಬಿಡಲಿಲ್ಲ. ಎರಡು ವರ್ಷದ ಅಭ್ಯಾಸವೋ, ಹೆದರಿಕೆಯೋ, ತಾಯಿಯ ಮುಖದಲ್ಲಿ ಕಂಡದ್ದನ್ನು ಕೆಡಿಸಲು ಮನಸ್ಸು ಬರದೆಯೋ. ಸೂಜಿ ಬಟ್ಟೆಯಲ್ಲಿ ಅರ್ಧ ಇಳಿದು ಹಾಗೇ ನಿಂತಿತ್ತು. ಮೌನವನ್ನು ಗೌಹರ್ ಹೌದು ಎಂದು ತಿಳಿದಳು.

“ತಪ್ಪು ನನ್ನದು ಅಂದರಲ್ಲೇ,” ಎಂದಳು. ಅವಳು ಅಳಲಿಲ್ಲ. ಹೊಸ್ತಿಲನ್ನು ಅಂಗೈಯಿಂದ ಸವರುತ್ತಾ, “ಅಂದರಲ್ಲ,” ಎಂದು ಇನ್ನೊಮ್ಮೆ ಹೇಳಿಕೊಂಡಳು.

ಬುಧವಾರ ಬೆಳಿಗ್ಗೆ ಗೌಹರ್ ಕೇಸರಿ ಎಲ್ಲಿದೆ ಎಂದು ಕೇಳಿದಳು. ಗುರುವಾರ ಹಲ್ವಾ ಮಾಡಬೇಕು, ಗೋರಿಗೆ ಹೋಗಬೇಕು, ಬಿಟ್ಟೆ ಎಂದು ಹೇಳಿಬರಬೇಕು. ಓಣಿಯಲ್ಲಿ ಪಕ್ಕದ ಮನೆಯವಳಿಗೂ ಹೇಳಿದಳು. ಪಕ್ಕದ ಮನೆಯವಳು, “ರೇಡಿಯೋದವರು ಹೇಳೋದನ್ನೆಲ್ಲಾ ನಂಬ್ತೀರಾ ಗೌಹರ್ ಖಾನಂ?” ಎಂದು ಛೇಡಿಸಿದರೆ, “ಹವಾಮಾನ ಬಿಟ್ಟು ಮಿಕ್ಕಿದ್ದು ನಂಬ್ತೀನಿ,” ಎಂದಳು. ಅವಳು ತಮಾಷೆ ಮಾಡಿದ್ದನ್ನು ಇಶ್ರತ್ ಕೇಳಿ ಎಷ್ಟು ಕಾಲವಾಗಿತ್ತೋ.

ಇಶ್ರತ್ ಹೊಲಿಗೆಗೆ ಕೂತಳು. ಕೊಟ್ಟ ಮಾಫಿ ಯಾರಿಗೆ ಸೇರುತ್ತದೆ? ಅಪ್ಪ ಆಡದ ಮಾತಿಗೆ ಅಮ್ಮ ಹಕ್ಕು ಬಿಟ್ಟರೆ ಅದು ಬಿಟ್ಟ ಹಾಗಾಗುತ್ತದೆಯೇ, ಇಲ್ಲಾ ಮಗಳು ಕದ್ದ ಹಾಗಾಗುತ್ತದೆಯೇ? ಸುಮ್ಮನಿದ್ದರೆ ಇಬ್ಬರಿಗೂ ನೆಮ್ಮದಿ. ಆದರೆ ಅದು ಸುಳ್ಳಿನ ಮೇಲೆ ನಿಂತ ನೆಮ್ಮದಿ, ಅದೂ ಅಮ್ಮ ದೇವರ ಮುಂದೆ ಆಡಲಿರುವ ಮಾತು. ಹೇಳಿದರೆ ಅಮ್ಮನಿಗೆ ಗಂಡ ಇನ್ನೊಂದು ಸಲ ಮೂಕನಾಗುತ್ತಾನೆ. ದಿನವೆಲ್ಲ ಹೊಲಿದದ್ದನ್ನು ಸಂಜೆ ಬಿಚ್ಚಿದಳು. ಹೊಲಿಗೆ ಸೊಟ್ಟಗಾಗಿತ್ತು.

ಗುರುವಾರ ಹತ್ತು ಗಂಟೆಗೆ ಗೌಹರ್ ಒಲೆಯ ಮುಂದೆ ಹಿಟ್ಟು ಹುರಿಯುತ್ತಿದ್ದಳು. ಎಣ್ಣೆ ಬಿಟ್ಟುಕೊಂಡ ಹಲ್ವಾದ ವಾಸನೆ ಮನೆ ತುಂಬಿತ್ತು. ಗುಲಾಬಿ ನೀರು ಸುರಿದಾಗ ಬಾಣಲೆ ಭುಸ್ಸೆಂದಿತು. ಆ ಸದ್ದಿನ ಮರೆಯಲ್ಲಿ ಇಶ್ರತ್ ಹೇಳಿದಳು.

“ಅಮ್ಮ, ಅಪ್ಪ ನನಗೆ ಏನೂ ಹೇಳಲಿಲ್ಲ. ಆ ಕತೆ ನಾನೇ ಕಟ್ಟಿದ್ದು.”

ಗೌಹರ್ ಸೌಟು ತಿರುಗಿಸುತ್ತಲೇ ಇದ್ದಳು. “ಏನಂದೆ?”

“ನಾನೇ ಬರೆದೆ. ಅಪ್ಪ ಹೇಳಿದ ಹಾಗೆ. ನಾನೇ ಅಪ್ಪ ಅನ್ನೋ ಹಾಗೆ. ಕತೆ ಬರೆಯೋವಾಗ ಹಾಗೆ ಮಾಡ್ತಾರೆ, ಅಮ್ಮ.”

“ಆ ಧ್ವನಿ?”

“ಓದೋರು ಬೇರೆ. ರೇಡಿಯೋದವರು.”

ಗೌಹರ್ ಬಾಣಲೆಯನ್ನು ಇಳಿಸಿದಳು. ಒಲೆ ಆರಿಸಿದಳು. ಕೈ ಒರೆಸಿಕೊಂಡಳು. ಎಲ್ಲವನ್ನೂ ನಿಧಾನವಾಗಿ, ಒಂದಾದ ಮೇಲೊಂದು ಮಾಡಿದಳು.

“ಆ ಮನುಷ್ಯನಿಗೆ ಇಷ್ಟು ದೊಡ್ಡ ಬಾಯಿ ಕೊಟ್ಟೆಯಲ್ಲೇ,” ಎಂದಳು. “ನಾನು ಅದರೊಳಗೆ ಪರದೆ ಹಿಂದೆ ನಿಂತೇ ಇದ್ದೀನಿ. ನನಗೆ ಒಂದು ಮಾತು ಕೊಡೋಕೆ ಆಗಲಿಲ್ವಾ ನಿನಗೆ? ನಾನು ಅವತ್ತು ಸುಮ್ಮನೆ ನಿಂತಿರಲಿಲ್ಲ. ಬಾಗಿಲಿಗೆ ಅಡ್ಡ ಮಲಗಿದ್ದೆ. ನನ್ನ ದಾಟಿಕೊಂಡು ಹೋದರು. ದಾಟಿಕೊಂಡು ಹೋದವಳ ಹಿಂದೆ, ಕ್ಷೇಮವಾಗಿ ವಾಪಸ್ ಬರಲಿ ಅಂತ ನೀರು ಚೆಲ್ಲಿದವಳೂ ನಾನೇ. ಅದನ್ನ ಯಾಕೆ ಬರೀಲಿಲ್ಲ?”

ಇಶ್ರತ್‌ಗೆ ಅದು ಗೊತ್ತಿರಲಿಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಅಪ್ಪನ ಮನಸ್ಸಿನೊಳಗೆ ಏನಿತ್ತೋ ಎಂದು ಎರಡು ಚಳಿಗಾಲ ಯೋಚಿಸಿದ್ದವಳು, ಪಕ್ಕದಲ್ಲೇ ಮಲಗುತ್ತಿದ್ದ ಅಮ್ಮನನ್ನು ಒಂದು ದಿನ ಕೇಳಿರಲಿಲ್ಲ.

“ತಪ್ಪಾಯ್ತು, ಅಮ್ಮ.”

“ತಪ್ಪಾಯ್ತು ಅನ್ನೋದು ನಿನಗೆ ಬೇಗ ಬರುತ್ತೆ. ಅವರದೂ ನೀನೇ ಹೇಳ್ತೀಯ.” ಬಾಣಲೆಯ ಮೇಲೆ ತಟ್ಟೆ ಮುಚ್ಚಿ ಗೌಹರ್ ಕೇಳಿದಳು, “ಹಾಗಾದ್ರೆ ಜೋಡಿನೊಳಗಿನ ಹತ್ತಿ?”

“ಅದೂ ನಾನೇ ಕಟ್ಟಿದ್ದು.”

ಗೌಹರ್ ಕುತ್ತಿಗೆಯ ದಾರ ಎಳೆದು ಬೀಗದ ಕೈ ತೆಗೆದಳು. ಒಳಗೆ ಹೋದಳು. ಅವಳ ಪೆಟ್ಟಿಗೆಯನ್ನು ಇಶ್ರತ್ ಯಾವತ್ತೂ ತೆರೆದದ್ದಿಲ್ಲ. ಆ ಕೀಲಿ ಕೈ ಗೌಹರ್ ಸ್ನಾನ ಮಾಡುವಾಗಲೂ ಕುತ್ತಿಗೆಯಲ್ಲೇ ಇರುತ್ತಿತ್ತು. ತಂದಿಟ್ಟದ್ದು ಗಂಟು ಕಟ್ಟಿದ ಬಿಳಿ ಬಟ್ಟೆ. ಬಿಚ್ಚಿದರೆ ಒಂದು ಜೊತೆ ಕೆಂಪು ಜೋಡು, ಒಣಗಿ ಬಿರುಸಾಗಿ, ಬಣ್ಣ ಇಟ್ಟಿಗೆಯ ಹಾಗಾಗಿತ್ತು.

“ಸುದ್ದಿ ತಂದವನು ಇದನ್ನೂ ತಂದಿದ್ದ. ಯಾರಿಗೂ ತೋರಿಸಿಲ್ಲ ನಾನು. ಆ ಮನುಷ್ಯನಿಗೂ ತೋರಿಸಲಿಲ್ಲ. ಒಳಗೆ ಬೆರಳು ಹಾಕು.”

ಇಶ್ರತ್ ಬೆರಳು ಹಾಕಿದಳು. ತುದಿಯಲ್ಲಿ ಗಟ್ಟಿಯಾಗಿ ಒತ್ತಿಕೊಂಡ ಏನೋ ಒಂದು. ಉಗುರಿನಿಂದ ಎಳೆದಾಗ ಹಳದಿಯಾದ ಹತ್ತಿಯ ಉಂಡೆ ಬಂತು. ಅದರ ಮೇಲೆ ಬೆರಳುಗಳ ಸಾಲು ಗುರುತು, ಚಿಕ್ಕ ಕಾಲಿನ ಬೆರಳುಗಳು ಒತ್ತಿ ಒತ್ತಿ ಆದದ್ದು.

ಅವಳು ಉಂಡೆಯನ್ನು ಅಂಗೈಯಲ್ಲಿ ಇಟ್ಟುಕೊಂಡಳು. “ನಾನು ಇದನ್ನ ನೋಡಿಲ್ಲ, ಅಮ್ಮ. ಆಣೆಗೂ ನೋಡಿಲ್ಲ.”

“ನೋಡದೆ ಹೇಗೆ ಬರೆದೆ?”

“ಹೊಳೀತು. ಬರೀವಾಗ ಹೊಳೀತು.”

ಗೌಹರ್ ಆ ಉಂಡೆಯನ್ನು ತೆಗೆದುಕೊಂಡು, ಐವತ್ತು ವರ್ಷ ಪಿಂಜಾರನ ಹೆಂಡತಿಯಾಗಿದ್ದವಳು ಹೇಗೆ ನೋಡುತ್ತಾಳೋ ಹಾಗೆ, ಎರಡು ಬೆರಳ ನಡುವೆ ಎಳೆ ಬಿಡಿಸಿ ನೋಡಿದಳು. “ಹಿಂಜಿದ ಹತ್ತಿ,” ಎಂದಳು. “ಬಿಲ್ಲಿನದು. ನಮ್ಮ ಅಂಗಡಿದು.” ಮತ್ತೆ ತಾನೇ, “ನಮ್ಮ ಮನೇಲಿ ಹಿಂಜದ ಹತ್ತಿ ಎಲ್ಲಿತ್ತು. ಹಿಂಜಿದ್ದೇ ಮೂಲೆ ಮೂಲೆಗೂ ಬಿದ್ದಿರ್ತಿತ್ತು. ಹುಡುಗಿ ತಾನೇ ಒಂದು ಹಿಡಿ ತಗೊಂಡಿರಬಹುದು. ಬುದ್ಧಿವಂತೆ, ನನ್ನ ತೂಬಾ.”

“ಅವತ್ತು ನಾನು ಬಸ್ಸಿನ ತನಕ ಹೋಗಿದ್ದೆನಾ, ಅಮ್ಮ?”

“ನನಗೇನು ಗೊತ್ತು? ನಾನು ಬಾಗಿಲಲ್ಲಿ ಬಿದ್ದಿದ್ದೆ. ನಿನಗೆ ಎಂಟು ವರ್ಷ. ಹಿಂದೆ ಓಡಿದ್ದೆಯೋ ಏನೋ. ಸಂಜೆ ಕಾಲೆಲ್ಲ ಮಣ್ಣಾಗಿತ್ತು ನಿಂದು.”

ಇಶ್ರತ್ ಕಣ್ಣು ಮುಚ್ಚಿದಳು. ನೆಲಕ್ಕೆ ಕೂತ ಅಪ್ಪನ ಬೆನ್ನು ಕಂಡಿತು. ಅದು ಕಂಡದ್ದೋ, ಬರೆದದ್ದರಿಂದ ಕಾಣುತ್ತಿರುವುದೋ ತಿಳಿಯಲಿಲ್ಲ. ಒಂಬತ್ತು ಪುಟ ಬರೆಯುವ ಮುಂಚೆ ಕೇಳಿದ್ದರೆ ಹೇಳಬಹುದಾಗಿತ್ತು. ಈಗ ಆ ಬೆನ್ನಿನ ಮೇಲೆ ತನ್ನದೇ ಅಕ್ಷರಗಳು ಕೂತಿದ್ದವು.

ಮಧ್ಯಾಹ್ನ ಗೌಹರ್ ಚಾದರ ಹೊದ್ದು ಬಾಗಿಲಲ್ಲಿ ನಿಂತಳು. “ಹಲ್ವಾ ತಣ್ಣಗಾಗುತ್ತೆ, ಏಳು.”

ಗೋರಿಯ ಹತ್ತಿರ ಇಶ್ರತ್ ಕಲ್ಲಿಗೆ ನೀರು ಹಾಕಿ ತೊಳೆದಳು. ಗುಲಾಬಿ ನೀರು ಚಿಮುಕಿಸಿದಳು. ಹೋಗಿಬರುವವರು ಹಲ್ವಾ ತೆಗೆದುಕೊಂಡು, ಸತ್ತವನಿಗೆ ಒಳ್ಳೆಯದಾಗಲಿ ಎಂದು ಫಾತಿಹಾ ಹೇಳಿ ಮುಂದೆ ಹೋದರು. ಗೌಹರ್ ಕಲ್ಲಿನ ಪಕ್ಕ ಕೂತಳು. ಬಿಸಿಲು ಪಕ್ಕದ ಗೋರಿಗೆ ಸರಿಯಿತು. ಕೊನೆಗೆ, ಸತ್ತವರನ್ನು ಎಬ್ಬಿಸುವಾಗ ಮಾಡುವಂತೆ, ಚಿಕ್ಕ ಬೆಣಚುಕಲ್ಲಿನಿಂದ ಗೋರಿಯನ್ನು ಎರಡು ಸಲ ಕುಟ್ಟಿದಳು.

“ಉಸ್ತಾ,” ಎಂದಳು. “ಮಗಳು ನಿನ್ನ ಪರವಾಗಿ ಏನೇನೋ ಹೇಳಿದ್ದಾಳೆ. ನೀನು ಹೇಳಿದ್ದಲ್ಲ ಅಂತ ಗೊತ್ತು. ಹೇಳ್ತಿದ್ದೆಯೋ ಇಲ್ವೋ, ಅದು ನಿನಗೂ ದೇವರಿಗೂ ಬಿಟ್ಟದ್ದು. ನನಗೆ ವಯಸ್ಸಾಯ್ತು. ಹೊರೋಕೆ ಆಗಲ್ಲ. ನನ್ನ ಪಾಲಿನದು ಬಿಟ್ಟೆ. ತೂಬಾದು ನನ್ನ ಕೈಲಿಲ್ಲ. ಅದನ್ನ ಅವಳನ್ನೇ ಕೇಳು. ಅಲ್ಲೇ ಇದ್ದೀಯಲ್ಲ.”

ಎದ್ದು ನಿಲ್ಲಲು ಮಗಳ ಭುಜ ಹಿಡಿದುಕೊಂಡಳು. ಹಿಡಿದುಕೊಂಡೇ ಕೇಳಿದಳು, “ನಿಂದು?”

“ನಂದೇನಮ್ಮ?”

“ನಿನ್ನ ಪಾಲು. ನಿನಗೂ ಒಂದು ಪಾಲಿದೆಯಲ್ಲೇ. ಅವರ ಮೇಲೆ. ನನ್ನ ಮೇಲೂ. ನಾನಲ್ವಾ ನಿನ್ನ ಬಾಗಿಲು ಹಾಕಿದ್ದು.”

ಇಶ್ರತ್ ಒದ್ದೆ ಕಲ್ಲನ್ನು ನೋಡುತ್ತಾ ನಿಂತಳು. ಅಪ್ಪನ ಬಾಯಿಗೆ ಒಂಬತ್ತು ಪುಟ ಕೊಟ್ಟವಳಿಗೆ ತನ್ನ ಬಾಯಿಗೆ ಎರಡು ಶಬ್ದ ಸಿಗಲಿಲ್ಲ. ಗೌಹರ್ ಕಾದಳು. ಆಮೇಲೆ, “ಆಗಲಿ, ಅವಸರ ಇಲ್ಲ. ಬರೆದಾದ್ರೂ ಹೇಳು. ಈ ಸಲ ಗಂಡಸಿನ ಕೈಲಿ ಓದಿಸಬೇಡ,” ಎಂದು ತಟ್ಟೆ ಎತ್ತಿಕೊಂಡಳು.

ಆ ಚಳಿಗಾಲ ಕಳೆಯುವುದರೊಳಗೆ ಗೌಹರ್ ತೀರಿಕೊಂಡಳು. ಮಣ್ಣು ಹಾಕುವ ಮುಂಚೆ ಬಿಟ್ಟಿರಾ ಎಂದು ಕೇಳಿದಾಗ ಇಶ್ರತ್ ಎಲ್ಲರಿಗಿಂತ ಮೊದಲು, ಗಟ್ಟಿಯಾಗಿ, ಬಿಟ್ಟೆ ಎಂದಳು. ಸೋಮವಾರದ ಕೂಟಕ್ಕೆ ಈಗಲೂ ಹೋಗುತ್ತಾಳೆ, ಅದೇ ಕುರ್ಚಿ. ಬಾಗಿಲಿಗೆ ಅಡ್ಡ ಮಲಗಿದ ಹೆಂಗಸಿನ ಕತೆ ಬರೆಯುತ್ತಿದ್ದಾಳೆ ಎಂದು ಸಾಲಾರಿ ಹೇಳುತ್ತಾರೆ. ಮೊದಲ ಸಾಲಿನ ‘ನಾನು’ ಆದ ಮೇಲೆ ಮುಂದಕ್ಕೆ ಹೋಗಿಲ್ಲವಂತೆ.

ಆ ‘ನಾನು’ ತಾಯಿಯೋ ಮಗಳೋ, ಯಾರೂ ಕೇಳಿಲ್ಲ. ಜೋಡಿನ ತುದಿಗೆ ಹತ್ತಿ ತುರುಕಿದ ಕೈ ಯಾವುದೆಂದು ಹೇಳಬಲ್ಲವರು ಉಸ್ತಾ ಮತ್ತು ತೂಬಾ ಇಬ್ಬರೇ ಇದ್ದರು, ಇಬ್ಬರೂ ಇಲ್ಲ. ಇಶ್ರತ್ ಅದನ್ನು ಎಂಟನೆಯ ವಯಸ್ಸಿನಲ್ಲಿ ಕಂಡಿದ್ದಳೋ, ನಲವತ್ತಾರರಲ್ಲಿ ಕಟ್ಟಿದಳೋ, ಅವಳಿಗೂ ಗೊತ್ತಿಲ್ಲ. ಇದನ್ನು ಹೇಳುತ್ತಿರುವವರಿಗೂ ಗೊತ್ತಿಲ್ಲ.